ಗಾಡಿ ತನ್ನದು, ಗಿರಾಕಿ ಯಾರದು?

ಕಳೆದ ದಸರೆ ಮುಗಿದು ಒಂದು ವಾರವಾಗಿತ್ತು. ಇಂಡಿ ತಾಲ್ಲೂಕಿನ ಹಳ್ಳಿಯಿಂದ ನನ್ನ ತಂಗಿಯ ಮಗ ಮನೆಗೆ ಬಂದ. ಎಂದಿನಂತೆ ಒಂದು ಚೀಲ ನಿಂಬೆಹಣ್ಣು ತಂದಿದ್ದ. ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ, ಕೊನೆಗೆ ಸಂಕೋಚದಿಂದಲೇ ಕಾಗದದ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸಲು ಕಾರು ಕೊಳ್ಳಬೇಕಂತೆ. ಎರಡು ಎಕರೆ ನಿಂಬೆ ತೋಟದಲ್ಲಿ ಒಂದೆಕರೆ ಮಾರಿದರೆ ಮುಂಗಡದ ಹಣ ಬರುತ್ತದೆ, ಉಳಿದದ್ದಕ್ಕೆ ಸಾಲ, ಸಾಲಕ್ಕೆ ಜಾಮೀನು ನಾನು.

“ಮಾಮಾ, ಅಲ್ಲಿ ಗಾಡಿ ಹಾಕಿದ್ರ ನಾನೇ ಮಾಲಕ. ಯಾರ ಕೈ ಕೆಳಗೂ ದುಡಿಯೂದಿಲ್ಲ” ಎಂದ.

ನಾನು ಕನ್ನಡಕ ಹುಡುಕುವ ನೆವದಲ್ಲಿ ಒಳಗೆ ಎದ್ದುಹೋದೆ. ಇದೇ ಮಾತನ್ನು ಇದೇ ಕೋಣೆಯಲ್ಲಿ 2016ರಲ್ಲಿ ಇನ್ನೊಬ್ಬ ಹುಡುಗನ ಬಾಯಿಂದ ಕೇಳಿದ್ದೆ. ಆಗ ಯೋಚಿಸದೆ ಸಹಿ ಹಾಕಿದ್ದೆ. ಆ ಸಹಿಯ ಕಥೆಯನ್ನೂ, ಅದು ನನಗೆ ಕಲಿಸಿದ ಲೆಕ್ಕವನ್ನೂ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತೀರಿ. ಬಹಳಷ್ಟು ಮಂದಿ ಅದರಲ್ಲಿ ಕುಳಿತು ಕಚೇರಿಗೆ ಹೋಗುತ್ತೀರಿ. ಇಬ್ಬರೂ ಓದಬೇಕೆಂಬುದು ನನ್ನ ಆಸೆ.

2016ರ ಹುಡುಗ ಸಿಂದಗಿ ಕಡೆಯವನು. ಹತ್ತನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಗಣಿತ ಕಲಿತವನು. ಆಗ ನಾನಿನ್ನೂ ಸೇವೆಯಲ್ಲಿದ್ದೆ. ಸಂಬಳದ ಚೀಟಿ ಇರುವ ಮಾಸ್ತರನ ಸಹಿಗೆ ಬೆಲೆಯಿತ್ತು. ಅದು ಮೊಬೈಲಿನಲ್ಲಿ ಕರೆದರೆ ಬಾಗಿಲಿಗೆ ಬರುವ ಟ್ಯಾಕ್ಸಿಗಳ ಸುಗ್ಗಿಯ ಕಾಲ. ಓಲಾ ಹುಟ್ಟಿದ್ದು 2010ರಲ್ಲಿ, ಉಬರ್ ಬೆಂಗಳೂರಿಗೆ ಬಂದದ್ದು 2013ರಲ್ಲಿ. ಗಿರಾಕಿಗಳಿಗೆ ಕಡಿಮೆ ದರ, ಚಾಲಕರಿಗೆ ದಿನಕ್ಕೆ ಇಷ್ಟು ಸವಾರಿ ಮುಗಿಸಿದರೆ ಇಷ್ಟು ಪ್ರೋತ್ಸಾಹಧನ ಎಂದು ಕಂಪನಿಗಳು ಬಂಡವಾಳದ ಹಣವನ್ನು ಎರಡೂ ಕೈಯಿಂದ ಚೆಲ್ಲುತ್ತಿದ್ದವು. ಹುಡುಗ ತನ್ನ ಗೆಳೆಯನ ಒಂದು ತಿಂಗಳ ಗಳಿಕೆಯನ್ನು ಮೊಬೈಲಿನಲ್ಲಿ ತೋರಿಸಿದ. ನನ್ನ ಸಂಬಳಕ್ಕಿಂತ ಹೆಚ್ಚಿತ್ತು. ಮೂವತ್ತು ವರ್ಷ ಚಕ್ರಬಡ್ಡಿ, ಲಾಭ ನಷ್ಟ ಕಲಿಸಿದ ನಾನು ಕೇಳಬೇಕಾಗಿದ್ದ ಒಂದೇ ಪ್ರಶ್ನೆಯನ್ನು ಕೇಳಲಿಲ್ಲ: ಈ ಹಣ ಗಿರಾಕಿ ಕೊಟ್ಟದ್ದೋ, ಕಂಪನಿ ಕೊಟ್ಟದ್ದೋ? ಗಿರಾಕಿ ಕೊಡದ ಹಣ ಎಷ್ಟು ದಿನ ಬಂದೀತು?

ಬಹಳ ದಿನ ಬರಲಿಲ್ಲ. ಪ್ರೋತ್ಸಾಹಧನ ಇಳಿಯಿತು, ಕಮಿಷನ್ ಉಳಿಯಿತು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರ ಹೂಡಿದಾಗ ನನ್ನ ಹುಡುಗನೂ ಅದರಲ್ಲಿದ್ದ. ರೋಹಿಣಿ ಮಳೆ ಒಂದು ಚೆನ್ನಾಗಿ ಹೊಡೆಯಿತೆಂದು ಇದ್ದ ಬೀಜವನ್ನೆಲ್ಲ ಬಿತ್ತಿ, ಆಮೇಲೆ ಮುಗಿಲು ನೋಡುತ್ತ ಕುಳಿತವರನ್ನು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಅವನ ಪಾಡೂ ಹಾಗೆಯೇ ಆಯಿತು.

ಆಮೇಲೆ 2020 ಬಂತು. ಲಾಕ್‌ಡೌನಿನಲ್ಲಿ ಗಾಡಿ ನಿಂತಿತು. ರಾಜ್ಯ ಸರ್ಕಾರ ಆಟೋ, ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ 5,000 ರೂಪಾಯಿ ಪರಿಹಾರ ಘೋಷಿಸಿತು. ಮಾರ್ಚಿನಿಂದ ಆಗಸ್ಟಿನವರೆಗೆ ಆರು ತಿಂಗಳು ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಮುಂದೂಡಿದ್ದು ಕಂತು ಮಾತ್ರ, ಬಡ್ಡಿಯಲ್ಲ. ಎರಡೂವರೆ ಲಕ್ಷ ಬಾಕಿಯಿದ್ದವನಿಗೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯ ದರದಲ್ಲಿ, ನಿಂತ ಗಾಡಿಯ ಮೇಲೆ ಆರು ತಿಂಗಳಿಗೆ 15,000 ರೂಪಾಯಿ ಬಡ್ಡಿ ಏರುತ್ತದೆ. 2021ರಲ್ಲಿ ಸಾಲ ಕೊಟ್ಟವರು ಗಾಡಿ ಎಳೆದುಕೊಂಡು ಹೋದರು. ಮಾರಿ ಬಂದ ಹಣ ಸಾಲಕ್ಕೆ ಸಾಲಲಿಲ್ಲ. ಉಳಿದದ್ದು ಜಾಮೀನುದಾರನ ತಲೆಗೆ ಬಂತು. ಎಂಟು ತಿಂಗಳು ಪಿಂಚಣಿಯಿಂದ ಕಟ್ಟಿ ಮುಗಿಸಿದೆ.

ಹೋದ ಹಣದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಆ ಹುಡುಗ ಮೂರು ವರ್ಷ ನಾಚಿಕೆಯಿಂದ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ಕಾಲಿಗೆರಗುತ್ತಿದ್ದವನು ಸಂತೆಯಲ್ಲಿ ನನ್ನನ್ನು ಕಂಡು ಬೇರೆ ಓಣಿ ಹಿಡಿದ. ತಪ್ಪು ಲೆಕ್ಕಕ್ಕೆ ನಾನು ತೆತ್ತ ಬೆಲೆ ಅದು. ಈಗ ಅವನು ಬರುತ್ತಾನೆ. ಬೇರೆಯವರ ಗಾಡಿ ಓಡಿಸುತ್ತಾನೆ. ಕಳೆದ ವರ್ಷ ಬಂದಾಗ ಇಬ್ಬರೂ ಕುಳಿತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಲೆಕ್ಕವನ್ನು ಮತ್ತೆ ಮಾಡಿದೆವು. ಅದನ್ನೇ ಇಲ್ಲಿ ಕೊಡುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು; ನಿಮ್ಮ ನಿಮ್ಮ ಅಂಕಿ ಹಾಕಿಕೊಂಡು ನೀವೂ ಮಾಡಿ ನೋಡಬಹುದು.

ಎಲ್ಲ ಸೇರಿ 9 ಲಕ್ಷದ ಕಾರು. 2 ಲಕ್ಷ ಕೈಯಿಂದ, 7 ಲಕ್ಷ ಸಾಲ. ವರ್ಷಕ್ಕೆ ಶೇಕಡ 12 ಬಡ್ಡಿ, ಐದು ವರ್ಷ. ತಿಂಗಳ ಕಂತು 15,571 ರೂಪಾಯಿ. ದಿನಕ್ಕೆ 13 ತಾಸು, ತಿಂಗಳಿಗೆ 26 ದಿನ ದುಡಿಮೆ. ದಿನಕ್ಕೆ 180 ಕಿಲೋಮೀಟರ್ ಓಟ. ಅದರಲ್ಲಿ ಗಿರಾಕಿ ಒಳಗಿರುವುದು 120 ಕಿಲೋಮೀಟರ್ ಮಾತ್ರ. ಉಳಿದ 60 ಕಿಲೋಮೀಟರ್ ಖಾಲಿ ಓಟ: ಕರೆದವರ ಬಾಗಿಲಿಗೆ ಹೋಗುವುದು, ಇಳಿಸಿದ ಕಡೆಯಿಂದ ಮರಳುವುದು, ರಾತ್ರಿ ಮನೆ ಸೇರುವುದು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಚಾಲಕರಿಗೆ ಉದ್ದನೆಯ ಬಾಡಿಗೆ ಸಿಕ್ಕಿತು ನಿಜ. ಅಲ್ಲಿ ಸರದಿಗಾಗಿ ತಾಸುಗಟ್ಟಲೆ ಕಾಯುವುದೋ ಖಾಲಿಯಾಗಿ ನಗರಕ್ಕೆ ಮರಳುವುದೋ ಎಂಬ ಕಷ್ಟವೂ ಅದರ ಜೊತೆಗೇ ಬಂತು.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಟ್ಯಾಕ್ಸಿಗಳಿಗೆ ಏಕರೂಪ ದರ ನಿಗದಿ ಮಾಡಿತು. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24 ರೂಪಾಯಿ. ಈ 24 ಪೂರ್ತಿ ಸಿಗುತ್ತದೆಂದೇ ಹಿಡಿಯೋಣ.

ಗಿರಾಕಿಗಳಿಂದ ತಿಂಗಳಿಗೆ ಬಂದದ್ದು: 74,880
ಕಂಪನಿಯ ಕಮಿಷನ್, ಶೇಕಡ 20 ಎಂದು ಹಿಡಿದರೆ: 14,976
ಸಿ.ಎನ್.ಜಿ., ಕೆ.ಜಿ.ಗೆ 90 ರೂಪಾಯಿ, ಕೆ.ಜಿ.ಗೆ 20 ಕಿ.ಮೀ.: 21,060
ಸಾಲದ ಕಂತು: 15,571
ವಿಮೆ, ತೆರಿಗೆ, ಪರ್ಮಿಟ್ಟು: 3,500
ಟೈರು, ಸರ್ವಿಸು, ರಿಪೇರಿ, ಕಿ.ಮೀ.ಗೆ 1 ರೂಪಾಯಿ: 4,680
ಉಳಿದದ್ದು: 15,093

ತಿಂಗಳಿಗೆ 338 ತಾಸು ದುಡಿದು 15,093 ರೂಪಾಯಿ. ತಾಸಿಗೆ 45 ರೂಪಾಯಿಗೂ ಒಂದಿಷ್ಟು ಕಡಿಮೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿನ ದಿನವೆಂದರೆ ತಾಸಿಗೆ 46. ಬೆಂಗಳೂರಿನ ಮಾಲಕನೂ ನಮ್ಮೂರ ಕೆರೆಯ ಹೂಳೆತ್ತುವವನೂ ಒಂದೇ ಸಾಲಿನಲ್ಲಿ ನಿಂತರು! ಅದರಲ್ಲೂ ಹೂಳೆತ್ತುವವನು ಸಂಜೆ ಮನೆಯ ರೊಟ್ಟಿ ತಿನ್ನುತ್ತಾನೆ. ಇವನು ಊಟಕ್ಕೆ, ನಾಲ್ವರು ಕೂಡಿ ಹಿಡಿದ ಕೋಣೆಯ ಬಾಡಿಗೆಗೆ ಈ ಹದಿನೈದು ಸಾವಿರದಲ್ಲೇ ಕೈ ಹಾಕಬೇಕು. ಅವೆರಡೂ ತೆಗೆದರೆ ಊರಿಗೆ ಕಳಿಸಲು ಆರು ಸಾವಿರ ಉಳಿದರೆ ದೊಡ್ಡದು.

“ಸರ್, ಕಂತು ತೀರಿದ ಮ್ಯಾಲ ಆ ಹದಿನೈದು ಸಾವಿರಾನೂ ನಂದೇ ಅಲ್ರಿ?” ಎಂದು ಹುಡುಗ ಕೇಳಿದ. ಎಲ್ಲರೂ ಹೇಳುವ ಸಮಾಧಾನ ಅದು. ಆದರೆ ಐದು ವರ್ಷಕ್ಕೆ ಗಾಡಿ 2,80,800 ಕಿಲೋಮೀಟರ್ ಓಡಿರುತ್ತದೆ. ಆಗ ಅದಕ್ಕೆ 2 ಲಕ್ಷ ಬಂದರೆ ಹೆಚ್ಚು. ಅಂದರೆ 7 ಲಕ್ಷ ಸವೆದುಹೋಯಿತು: ಓಡಿದ ಪ್ರತಿ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಸಾಲ ತೀರಿದ ಸಂತೋಷದಲ್ಲಿ ಆ ಹಣವನ್ನು ಮನೆಗೆ ಖರ್ಚು ಮಾಡುವವನು ತನ್ನ ಗಾಡಿಯನ್ನೇ ಚೂರು ಚೂರಾಗಿ ತಿನ್ನುತ್ತಿರುತ್ತಾನೆ. ಗಾಡಿ ಮುದಿಯಾದ ದಿನ ಕೈಯಲ್ಲಿ ಮತ್ತೆ ಎರಡೇ ಲಕ್ಷ, ಎದುರಿಗೆ ಮತ್ತೆ ಏಳು ಲಕ್ಷದ ಸಾಲ.

ಇದು ನಮಗೆ ಹೊಸತಲ್ಲ. ಒಕ್ಕಲುತನದ ಲೆಕ್ಕ ಕೇಳಿದರೆ ಬೀಜ, ಗೊಬ್ಬರ, ಆಳಿನ ಕೂಲಿ ಹೇಳುತ್ತೇವೆ. ಸ್ವಂತ ಮೈಯ ದುಡಿಮೆಯನ್ನೂ ಎತ್ತು ಮುದಿಯಾಗುವುದನ್ನೂ ಯಾರೂ ಬರೆಯುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಬಸವನ ಬಾಗೇವಾಡಿ ತಾಲ್ಲೂಕಿನ ಊರುಗಳಲ್ಲಿ ಪರಿಹಾರದ ಹಣದಿಂದ ಜೀಪು, ಟೆಂಪೋ ಕೊಂಡವರನ್ನು ನಾನು ಬಲ್ಲೆ. ಕೆಲವು ವರ್ಷಗಳಲ್ಲಿ ಜೀಪು ಗುಜರಿಗೆ ಹೋಯಿತು. ಮುಳುಗಿದ ಎರೆ ಹೊಲ ಮಾತ್ರ ನೀರಿಳಿದಾಗ ಬೇಸಿಗೆಯಲ್ಲಿ ಮೇಲೆದ್ದು ಇಂದಿಗೂ ತನ್ನ ಮುಖ ತೋರಿಸುತ್ತದೆ. ಹೊಲ ಬರಡಾದೀತು, ಸವೆಯುವುದಿಲ್ಲ. ಗಾಡಿ ನಿಂತರೂ ಸವೆಯುತ್ತದೆ. ಹೊಲ ಮಾರಿ ಗಾಡಿ ಕೊಳ್ಳುವವನು ಈ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಕಂಪನಿಯ ಮಾತು. ನಮ್ಮ ಕಡೆ ಹೊಲವನ್ನು ಪರರಿಗೆ ಕೊಡುವಾಗ ಎರಡು ಪದ್ಧತಿಗಳಿವೆ: ಪಾಲು ಮತ್ತು ಲಾವಣಿ. ಪಾಲಿಗೆ ಕೊಟ್ಟರೆ ಬೆಳೆದದ್ದರಲ್ಲಿ ಭಾಗ. ಮಳೆ ಹೋದರೆ ಹೊಲದವನಿಗೂ ನಷ್ಟ. ಲಾವಣಿಗೆ ಕೊಟ್ಟರೆ ಇಂತಿಷ್ಟು ಹಣ. ಬೆಳೆ ಬಂದರೂ ಹೋದರೂ ಕೊಡಲೇಬೇಕು, ಬಂದದ್ದೆಲ್ಲ ಮಾಡಿದವನದು. ಕಮಿಷನ್ ಎಂಬುದು ಪಾಲಿನ ಪದ್ಧತಿ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಕಮಿಷನ್ ಇಲ್ಲದೆ ಆಟೋಗಳನ್ನು ಓಡಿಸಿತು. ಆಮೇಲೆ ಚಾಲಕರಿಂದ ದಿನಕ್ಕಿಷ್ಟು ಎಂದು ಸಣ್ಣ ಶುಲ್ಕ ಪಡೆಯತೊಡಗಿತು. 2024ರಲ್ಲಿ ಟ್ಯಾಕ್ಸಿಗೂ ಬಂತು. ಬೇರೆ ಕಂಪನಿಗಳೂ ಆ ದಾರಿಗೆ ಹೊರಳಿದವು. ಇದು ಲಾವಣಿ.

ಲಾವಣಿಯಿಂದ ಚಾಲಕನಿಗೆ ಲಾಭವೇ. ದಿನಕ್ಕೆ 100 ರೂಪಾಯಿ ಶುಲ್ಕವೆಂದು ಹಿಡಿದರೆ ತಿಂಗಳಿಗೆ 2,600. ಮೇಲಿನ ಲೆಕ್ಕದಲ್ಲಿ 15,093 ಇದ್ದದ್ದು 27,469 ಆಗುತ್ತದೆ. ಸಮಸ್ಯೆ ಬಗೆಹರಿಯಿತೆಂದು ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕೆನ್ನುತ್ತೇನೆ.

ಗಳಿಕೆ ಹೆಚ್ಚಿದೆ ಎಂದರೆ ಇನ್ನಷ್ಟು ಗಾಡಿಗಳು ಬರುತ್ತವೆ. ಗಿರಾಕಿಗಳು ಅಷ್ಟೇ ಇರುತ್ತಾರೆ. ನಮ್ಮ ಚಾಲಕ ಅದೇ 180 ಕಿಲೋಮೀಟರ್ ಓಡುತ್ತಾನೆ, ಗಿರಾಕಿ ಒಳಗಿರುವುದು 120ರ ಬದಲು 90 ಕಿಲೋಮೀಟರ್ ಆಯಿತೆನ್ನಿ. ತಿಂಗಳಿಗೆ 18,720 ರೂಪಾಯಿ ಕಡಿಮೆ ಬಂತು. 27,469 ಇದ್ದದ್ದು 8,749ಕ್ಕೆ ಇಳಿಯಿತು. ಪಾಲಿನ ಕಾಲದಲ್ಲಿ ಕಂಪನಿ ತಿಂದದ್ದಕ್ಕಿಂತ ಹೆಚ್ಚನ್ನು ಖಾಲಿ ಓಟವೇ ತಿಂದಿತು! ಎಲ್ಲರೂ ಕಮಿಷನ್ನಿನ ಬಗ್ಗೆಯೇ ಜಗಳವಾಡುವಾಗ ಚಾಲಕನ ಜೇಬನ್ನು ಸದ್ದಿಲ್ಲದೆ ಬರಿದು ಮಾಡುವುದು ಈ ಖಾಲಿ ಓಟ.

ಖಾಲಿ ಓಟ ಯಾರಿಗೆ ಬೇಕು? ನಾವು ಮೊಬೈಲು ಒತ್ತಿದ ಮೂರು ನಿಮಿಷಕ್ಕೆ ಗಾಡಿ ಬಾಗಿಲಿಗೆ ಬರಬೇಕಾದರೆ ಸುತ್ತಮುತ್ತ ಹತ್ತು ಗಾಡಿಗಳು ಖಾಲಿ ನಿಂತಿರಲೇಬೇಕು. ಅದರಿಂದ ನಮಗೆ ಅನುಕೂಲ, ಕಂಪನಿಗೆ ಹೆಸರು. ಆ ಹತ್ತು ಜನರ ಕಾಯುವ ತಾಸಿಗೆ, ಉರಿಯುವ ಇಂಧನಕ್ಕೆ ಹಣ ಕೊಡುವವರು ಯಾರೂ ಇಲ್ಲ. ಗಾಡಿ ಚಾಲಕನದು, ಸಾಲ ಅವನದು, ಮೈ ಅವನದು. ಕಂಪನಿಯ ಬಳಿ ಇರುವುದು ಒಂದೇ: ಗಿರಾಕಿ ಎಲ್ಲಿದ್ದಾನೆ ಎಂಬ ಸುದ್ದಿ. 1974ರ ಭೂಸುಧಾರಣೆಯಲ್ಲಿ ಉಳುವವನು ಹೊಲದೊಡೆಯನಾದ. ಇಲ್ಲಿ ಓಡಿಸುವವನು ಮೊದಲೇ ಗಾಡಿಯ ಒಡೆಯ. ಆದರೂ ಗೇಣಿದಾರನಾಗಿಯೇ ಉಳಿದಿದ್ದಾನೆ. ಏಕೆಂದರೆ ಅವನು ಉಳುತ್ತಿರುವ ಹೊಲ ಗಾಡಿಯಲ್ಲ, ಗಿರಾಕಿ.

ಇದು ಬೆಂಗಳೂರಿನ ಕಥೆ ಮಾತ್ರವಲ್ಲ. ನ್ಯೂಯಾರ್ಕ್ ನಗರ 1937ರಲ್ಲಿಯೇ ಟ್ಯಾಕ್ಸಿಗಳ ಸಂಖ್ಯೆಗೆ ಮಿತಿ ಹಾಕಿ ಪರವಾನಗಿಯ ಬಿಲ್ಲೆ ಕೊಟ್ಟಿತು. ಆ ಬಿಲ್ಲೆಯ ಬೆಲೆ 2014ರ ಹೊತ್ತಿಗೆ 10 ಲಕ್ಷ ಡಾಲರು ದಾಟಿತ್ತು. ವಲಸೆ ಬಂದ ಚಾಲಕರು ಸಾಲ ಮಾಡಿ ಕೊಂಡರು. ಮೊಬೈಲ್ ಟ್ಯಾಕ್ಸಿಗಳು ಬಂದು ಬೆಲೆ ಕುಸಿದಾಗ ಸಾಲ ಮಾತ್ರ ಉಳಿಯಿತು. 2018ರಲ್ಲಿ ಸಾಲದ ಹೊರೆ ತಾಳದೆ ಪ್ರಾಣ ಕಳೆದುಕೊಂಡವರೂ ಇದ್ದರು. 2021ರಲ್ಲಿ ಚಾಲಕರು ನಗರಸಭೆಯ ಎದುರು ಉಪವಾಸ ಕುಳಿತ ಮೇಲೆ ಸಾಲ ಇಳಿಸುವ ಒಪ್ಪಂದವಾಯಿತು. ಅದೇ ನಗರ 2018ರಲ್ಲಿ ಹೊಸ ಮೊಬೈಲ್ ಟ್ಯಾಕ್ಸಿಗಳಿಗೆ ಮಿತಿ ಹಾಕಿತು. 2019ರಿಂದ ಚಾಲಕರಿಗೆ ಕನಿಷ್ಠ ಗಳಿಕೆಯನ್ನು ನಿಗದಿ ಮಾಡಿತು. ಆ ಲೆಕ್ಕದಲ್ಲಿ ಗಿರಾಕಿಯಿಲ್ಲದೆ ಕಾಯುವ ಸಮಯವೂ ಸೇರಿದೆ. ನನಗೆ ಬಹಳ ಮೆಚ್ಚುಗೆಯಾದ ಅಂಶ ಅದು. ಖಾಲಿ ಓಟಕ್ಕೂ ಬೆಲೆ ಕಟ್ಟಿದ ಮೇಲೆ ಬೇಕಾಬಿಟ್ಟಿ ಗಾಡಿ ತುಂಬಲು ಯಾವ ಕಂಪನಿಯೂ ಮುಂದಾಗದು.

ನಮ್ಮ ರಾಜ್ಯದಲ್ಲಿ ದರದ ಆದೇಶವಿದೆ. 2025ರಲ್ಲಿ ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕಾಯ್ದೆಯೂ ಬಂತು. ಕಂಪನಿಗಳಿಂದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುವುದೆಂದು ಅದರಲ್ಲಿದೆ. ಸ್ವಾಗತಿಸಬೇಕಾದ ಮಾತು. ಆದರೆ ಕಾಯಿಲೆ ಬಿದ್ದಾಗ, ಅಪಘಾತವಾದಾಗ ಕೈ ಹಿಡಿಯುವುದು ಬೇರೆ. ಗಟ್ಟಿಯಾಗಿದ್ದಾಗ ದುಡಿದದ್ದಕ್ಕೆ ಸರಿಯಾದ ಬೆಲೆ ಸಿಗುವುದು ಬೇರೆ. ದರ ನಿಗದಿ ಮಾಡುವವರು ಓಡಿದ ಕಿಲೋಮೀಟರ್, ಕಾಯ್ದ ತಾಸು, ಸವೆದ ಗಾಡಿ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಇದರಿಂದ ಪ್ರಯಾಣ ತುಟ್ಟಿಯಾಗುತ್ತದೆ ಎನ್ನುವಿರಿ. ಆಗಬಹುದು. ಈಗ ಅಗ್ಗವಾಗಿ ಸಿಗುತ್ತಿರುವ ಸವಾರಿಯ ಉಳಿದರ್ಧ ಬಾಡಿಗೆಯನ್ನು ಸಿಂದಗಿಯ ಒಂದು ಮನೆ ಕಟ್ಟುತ್ತಿದೆ, ಅಷ್ಟೇ.

ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಕಿಲೋಮೀಟರಿಗೆ 24 ರೂಪಾಯಿ ಕೊಟ್ಟಾಗ, ಖಾಲಿ ಓಟ ಸೇರಿಸಿದರೆ ಅವನಿಗೆ ಸಿಗುವುದು 16. ಗಾಡಿ ನಿಮ್ಮ ಬಾಗಿಲಿಗೆ ಬಂದ ಮೇಲೆ ಸವಾರಿ ರದ್ದು ಮಾಡಿದರೆ ಅವನು ಬಂದ ಅಷ್ಟೂ ದೂರ ಅವನ ತಲೆಯ ಮೇಲೆಯೇ. ಅವನ ಮಾತಿನಲ್ಲಿ ನಮ್ಮ ಕಡೆಯ “ಹೌದ್ರಿ” ಕೇಳಿಸಿದರೆ ಯಾವ ಊರೆಂದು ಕೇಳಿ. ನಿಮ್ಮ ಬೆಂಚಿನಲ್ಲೇ ಕುಳಿತವನಿರಬಹುದು.

ಚಾಲಕನಾಗಲು ಹೊರಟವರಿಗೆ ನಾನು ಬೇಡವೆನ್ನುವುದಿಲ್ಲ. ಬಸವಣ್ಣನವರು ಹುಟ್ಟಿದ ನೆಲದವರು ನಾವು. ಯಾವ ಕಾಯಕವೂ ಕೀಳಲ್ಲ. ಆದರೆ ಕಾಯಕ ಮಾಡಿದವನ ಹೊಟ್ಟೆ ಮೊದಲು ತುಂಬಬೇಕು. ಒಂದು ವರ್ಷ ಬೇರೆಯವರ ಗಾಡಿ ಓಡಿಸಿ ನೋಡಿ. ಓಡಿದ ಕಿಲೋಮೀಟರು, ಖಾಲಿ ಓಡಿದ್ದು, ದುಡಿದ ತಾಸು ಇಷ್ಟನ್ನೂ ಪ್ರತಿರಾತ್ರಿ ಬರೆದಿಡಿ. ಸ್ವಂತ ಗಾಡಿ ಕೊಂಡರೆ ಕಿಲೋಮೀಟರಿಗೆ ಎರಡೂವರೆ ರೂಪಾಯಿಯ ಸವೆತವನ್ನು ಮರೆಯಬೇಡಿ. ಸಾಲವಿರುವವರೆಗೆ ಅದು ಕಂತಿನಲ್ಲಿ ಹೋಗುತ್ತದೆ, ಸಾಲ ತೀರಿದ ಮರುದಿನದಿಂದ ಬೇರೆ ಖಾತೆಗೆ ಹಾಕಿ. ಹೊಲವನ್ನು ಮಾತ್ರ ಮಾರಬೇಡಿ.

ಕನ್ನಡಕ ಹಾಕಿಕೊಂಡು ಹೊರಗೆ ಬಂದ ನಾನು ಅಳಿಯನಿಗೆ ಇದನ್ನೇ ಹೇಳಿದೆ. ಸಹಿ ಹಾಕಲಿಲ್ಲ. ತಂಗಿ ಸಿಟ್ಟಾದಳು. “ಹೊರಗಿನವರಿಗೆ ಸಹಿ ಹಾಕಿದಿ ಅಣ್ಣಾ, ನನ್ನ ಮಗಗ ಇಲ್ಲ ಅಂದಿ” ಎಂದು ಫೋನಿನಲ್ಲಿ ಅತ್ತಳು. ದೀಪಾವಳಿಗೆ ಬರಲಿಲ್ಲ. ಆ ಖಾಲಿ ಮಣೆ ನೋಡಿ ನನಗೂ ಊಟ ಸೇರಲಿಲ್ಲ.

ಹುಡುಗ ಮಾತ್ರ ಕಾಗದ ಮಡಿಚಿಟ್ಟು, ಗೋಲಗುಂಬಜ್ ರೈಲು ಹತ್ತಿ ಬೆಂಗಳೂರಿಗೆ ಹೋದ. ಸಿಂದಗಿಯ ನನ್ನ ಹಳೆಯ ವಿದ್ಯಾರ್ಥಿಯೇ ಅವನಿಗೊಂದು ಬಾಡಿಗೆ ಗಾಡಿ ಕೊಡಿಸಿದ್ದಾನೆ. ಪ್ರತಿ ತಿಂಗಳ ಮೊದಲ ವಾರ ನೋಟುಬುಕ್ಕಿನ ಪುಟಗಳ ಚಿತ್ರ ನನ್ನ ಮೊಬೈಲಿಗೆ ಬರುತ್ತದೆ. ಮೊದಲ ತಿಂಗಳು ಕೂಡಿಸುವುದರಲ್ಲಿ ಎರಡು ತಪ್ಪಿದ್ದವು. ಕೆಂಪು ಗುರುತು ಹಾಕಿ ಹಿಂದಿರುಗಿಸಿದೆ. ಈಗ ತಪ್ಪಿಲ್ಲ. ಖಾಲಿ ಓಟದ ಅಂಕಣಕ್ಕೆ ಅವನೇ ಗೆರೆ ಎಳೆದಿದ್ದಾನೆ. ವರ್ಷ ತುಂಬಿದ ಮೇಲೆ ಆ ಪುಟಗಳೆಲ್ಲ ಮುಂದಿಟ್ಟುಕೊಂಡು ಇಬ್ಬರೂ ಕೂಡುತ್ತೇವೆ. ಲೆಕ್ಕ ಸರಿಯೆನಿಸಿದರೆ, ನಿಂಬೆ ತೋಟ ಹಾಗೆಯೇ ಇದ್ದರೆ, ಸಹಿ ಹಾಕುತ್ತೇನೆ.

ಈ ಲೆಕ್ಕದಲ್ಲಿ ಎಲ್ಲಾದರೂ ತಪ್ಪಿದ್ದರೆ, ಅದರಲ್ಲೂ ಗಾಡಿ ಓಡಿಸುವ ನನ್ನ ವಿದ್ಯಾರ್ಥಿಗಳು, ದಯವಿಟ್ಟು ಬರೆದು ತಿಳಿಸಿ. ಮಾಸ್ತರನ ಲೆಕ್ಕ ತಿದ್ದುವ ಹಕ್ಕು ನಿಮಗಿದೆ.